ಇಂಡಿ ಅಂದರೆ ನಮ್ಮ ಇಂಡಿ ತಾಲೂಕೇನ್ರೀ?

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐದೂ ಹಾಡು, ರೇಡಿಯೋ, ಫೋನು ಅಂತ ಒಂದೇ ಕಡೆ ಸುತ್ತುತ್ತವೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಆಗಿದೆ. ಚಹಾ ಇಟ್ಟುಕೊಂಡು ಓದಿ.

ಪ್ರಶ್ನೆ: ನಾನು ಚಿಕ್ಕೋಡಿ ಕಡೆಯವನು, ಸದ್ಯ ಬೇರೆ ಜಿಲ್ಲೆಯ ಕಾಲೇಜಿನಲ್ಲಿ ಓದುತ್ತಿದ್ದೇನೆ. ನಮ್ಮ ಕಾಲೇಜಿಗೆ ಒಂದು ಎಫ್‌ಎಂ ಇದೆ, ಶನಿವಾರ ಸಂಜೆ ಒಂದು ತಾಸು ನನ್ನದು. ಸಿನಿಮಾದಲ್ಲಿಲ್ಲದ ಹಾಡು, ಸಣ್ಣ ಬ್ಯಾಂಡಿನವರ ಹಾಡು ಹಾಕುತ್ತೇನೆ. ಯಾರೂ ಕೇಳುವುದಿಲ್ಲ ಸರ್. ನನ್ನ ರೂಮ್‌ಮೇಟ್ ಕೂಡ ಕೇಳುವುದಿಲ್ಲ. ಅಮೆರಿಕದಲ್ಲಿ ಕಾಲೇಜು ರೇಡಿಯೋದಿಂದಲೇ ದೊಡ್ಡ ದೊಡ್ಡ ಬ್ಯಾಂಡ್‌ಗಳು ಮೇಲೆ ಬಂದವು ಅಂತ ಓದಿದ್ದೇನೆ. ನಿಜಾನಾ? ನಿಜವಾದರೆ ಈಗ ಯಾಕೆ ಹಾಗೆ ಆಗುತ್ತಿಲ್ಲ?

ಉತ್ತರ: ನಿಜ ತಮ್ಮಾ, ಕಟ್ಟುಕಥೆ ಅಲ್ಲ. ಜಾರ್ಜಿಯಾ ರಾಜ್ಯದ ಅಥೆನ್ಸ್ ಅನ್ನೋ ಕಾಲೇಜು ಊರಿನಲ್ಲಿ ನಾಲ್ಕು ಹುಡುಗರು 1980ರಲ್ಲಿ ಆರ್‌ಇಎಂ ಅಂತ ಬ್ಯಾಂಡ್ ಕಟ್ಟಿದರು. ದೊಡ್ಡ ಸ್ಟೇಷನ್‌ಗಳು ಅವರನ್ನು ಮೂಸಿಯೂ ನೋಡಲಿಲ್ಲ. ಕಾಲೇಜು ರೇಡಿಯೋಗಳು ಹಾಕಿದವು, ಮತ್ತೆ ಹಾಕಿದವು, ಬೇಸರ ಬರುವಷ್ಟು ಹಾಕಿದವು. 1983ರಲ್ಲಿ ಅವರ ಮೊದಲ ಪೂರ್ತಿ ಆಲ್ಬಂ ಬಂದಾಗ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು ಆ ವರ್ಷದ ಅತ್ಯುತ್ತಮ ಆಲ್ಬಂ ಅಂತ ಅದನ್ನೇ ಆರಿಸಿದರು. ಮೈಕಲ್ ಜಾಕ್ಸನ್ ಇಡೀ ಜಗತ್ತನ್ನು ಕುಣಿಸುತ್ತಿದ್ದ ವರ್ಷ ಅದು, ನೆನಪಿರಲಿ.

ಇನ್ನೊಂದು ಕಥೆ ಸಿಯಾಟಲ್ ಊರಿನದು. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಕೆಸಿಎಂಯು ಅನ್ನೋ ಸಣ್ಣ ಸ್ಟೇಷನ್ ಶುರುವಾಯಿತು. ಅದರಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಬ್ರೂಸ್ ಪಾವಿಟ್ ಮತ್ತು ಜೊನಾಥನ್ ಪೋನ್‌ಮನ್ ಮುಂದೆ ಸಬ್ ಪಾಪ್ ಅಂತ ರೆಕಾರ್ಡ್ ಕಂಪನಿ ನಡೆಸಿದರು. 1988ರಲ್ಲಿ, ಮುಂದೆ ಜಗತ್ತಿಗೇ ಹೆಸರಾದ ನಿರ್ವಾಣ ಬ್ಯಾಂಡಿನ ಮೊದಲ ರೆಕಾರ್ಡ್ ತಂದದ್ದು ಇದೇ ಕಂಪನಿ. ಅಂದರೆ ಹಾಡುವವನು, ಅದನ್ನು ರೆಕಾರ್ಡ್ ಮಾಡಿ ಮಾರುವವನು, ರೇಡಿಯೋದಲ್ಲಿ ಹಾಕುವವನು, ಎಲ್ಲಾ ಒಂದೇ ಓಣಿಯವರು ಇದ್ದ ಹಾಗೆ.

ಇದು ಹೇಗೆ ನಡೆಯಿತು ಅಂತ ತಿಳಿದರೆ ಯಾಕೆ ನಿಂತಿತು ಅನ್ನೋದೂ ಗೊತ್ತಾಗುತ್ತದೆ. ಅಲ್ಲಿ ಎಫ್‌ಎಂನ ಎಡತುದಿ, 88ರಿಂದ 92 ಮೆಗಾಹರ್ಟ್ಜ್‌ವರೆಗೆ, ವ್ಯಾಪಾರ ಮಾಡದ ಸ್ಟೇಷನ್‌ಗಳಿಗೆ ಮೀಸಲು. ಜಾಹೀರಾತು ಕೊಡುವವರೇ ಇಲ್ಲ, ಹಾಗಾಗಿ ಯಾರನ್ನೂ ಮೆಚ್ಚಿಸಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗಿ ತನಗೆ ಹುಚ್ಚು ಹಿಡಿಸಿದ ಹಾಡನ್ನು ಮೂರು ಸಲ ಹಾಕಿದರೂ ಯಾಕಮ್ಮಾ ಅಂತ ಕೇಳುವವರಿಲ್ಲ. ಸಣ್ಣ ಕಂಪನಿಗಳು ರೆಕಾರ್ಡ್‌ಗಳನ್ನು ಪುಕ್ಕಟೆ ಕಳಿಸುತ್ತಿದ್ದವು. ಬಂದದ್ದನ್ನು ಯಾರಾದರೂ ಒಬ್ಬರು ಪೂರ್ತಿ ಕೇಳಿ ಕವರಿನ ಮೇಲೆ ಚೀಟಿ ಅಂಟಿಸುತ್ತಿದ್ದರು: ಎರಡನೇ ಹಾಡು ಚಲೋ ಇದೆ, ಐದನೆಯದರಲ್ಲಿ ಬೈಗುಳ ಇದೆ, ಹಗಲು ಹಾಕಬೇಡ. ಅದರ ಕೆಳಗೆ ಇನ್ನೊಬ್ಬ ಬಂದು, ನಿನಗೇನು ಕಿವಿ ಇಲ್ಲವಾ, ನಾಲ್ಕನೆಯದು ಕೇಳು, ಅಂತ ಜಗಳ ತೆಗೆಯುತ್ತಿದ್ದ. ಈ ಚೀಟಿಗಳ ವಿಷಯ ಓದಿದಾಗೆಲ್ಲ ನನಗೆ ಹೊಟ್ಟೆಕಿಚ್ಚು. 1978ರಲ್ಲಿ ಸಿಎಂಜೆ ಅಂತ ಒಂದು ಪತ್ರಿಕೆ ಶುರುವಾಗಿ, ಯಾವ ಕಾಲೇಜಿನಲ್ಲಿ ಯಾವ ಹಾಡು ಓಡುತ್ತಿದೆ ಅಂತ ಪಟ್ಟಿ ಒಟ್ಟು ಹಾಕತೊಡಗಿತು. ಒಂದು ಮೂಲೆಯ ಹುಚ್ಚು ಇನ್ನೊಂದು ಮೂಲೆಗೆ ಹಬ್ಬಿದ್ದು ಹೀಗೆ.

ಆಮೇಲೆ ದುಡ್ಡಿನ ಕಣ್ಣು ಬಿತ್ತು. ಬೈಪಾಸ್ ಪಕ್ಕದ ಹೊಲಕ್ಕೆ ರೇಟು ಬಂದ ಹಾಗೆ ಎಫ್‌ಎಂ ಲೈಸೆನ್ಸಿಗೂ ರೇಟು ಬಂತು. 2010ರಲ್ಲಿ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳು ನಡೆಸುತ್ತಿದ್ದ ಕೆಟಿಆರ್‌ಯು ಸ್ಟೇಷನ್ನನ್ನು 95 ಲಕ್ಷ ಡಾಲರಿಗೆ ಮಾರಲು ಹೊರಟಿತು. ಹುಡುಗರು ಕೂಗಾಡಿದರು, ಆದರೂ ಮರುವರ್ಷ ಮಾರಿ ಆಯಿತು. ಅದೇ 2011ರಲ್ಲಿ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರೇಡಿಯೋ ಎಫ್‌ಎಂ ಬಿಟ್ಟು ಇಂಟರ್ನೆಟ್ಟಿಗೆ ಹೋಗಬೇಕಾಯಿತು. ನ್ಯಾಶ್‌ವಿಲ್ ಅಂದರೆ ಅವರಿಗೆ ಹಾಡಿನ ರಾಜಧಾನಿ, ನಮಗೆ ಧಾರವಾಡ ಇದ್ದ ಹಾಗೆ. ಅಲ್ಲೇ ಹೀಗಾಯಿತು! ಸಿಎಂಜೆ ನಡೆಸುತ್ತಿದ್ದ ದೊಡ್ಡ ಸಂಗೀತ ಮೇಳ ಕೊನೆಯ ಸಲ ಆದದ್ದು 2015ರಲ್ಲಿ.

ಎಲ್ಲಾ ಮುಳುಗಿತು ಅಂತಲ್ಲ. ಕೆಸಿಎಂಯು 2001ರಲ್ಲಿ ಕೆಇಎಕ್ಸ್‌ಪಿ ಅಂತ ಹೆಸರು ಬದಲಿಸಿಕೊಂಡಿತು. ಬ್ಯಾಂಡ್‌ಗಳನ್ನು ಸ್ಟುಡಿಯೋದೊಳಗೆ ಕೂರಿಸಿ ಹಾಡಿಸಿ ಯೂಟ್ಯೂಬಿಗೆ ಹಾಕುತ್ತದೆ, ನೀನೂ ನೋಡಿರಬಹುದು. ರೈಸ್ ಹುಡುಗರು 2015ರಲ್ಲಿ ಸಣ್ಣ ಪವರಿನ ಎಫ್‌ಎಂ ಹಿಡಿದುಕೊಂಡು ವಾಪಸ್ ಬಂದರು. ಆದರೆ ಹೊಸ ಹಾಡು ಅಂದರೆ ಕಾಲೇಜು ರೇಡಿಯೋ ಅನ್ನೋ ದಿನ ಮುಗಿಯಿತು. ರಾತ್ರಿ ಎರಡಕ್ಕೆ ಸ್ಟೇಷನ್ನಿನಲ್ಲಿ ಕೂರುತ್ತಿದ್ದ ಹುಡುಗಿ ಈಗ ರೂಮಿನಲ್ಲೇ ಕೂತು ಪ್ಲೇಲಿಸ್ಟ್ ಮಾಡುತ್ತಾಳೆ.

ಈಗ ನಮ್ಮ ಕಡೆ ಬರೋಣ. ಅವರ ದೀಪ ಮಂಕಾಗುವ ಹೊತ್ತಿಗೆ ನಾವು ಇನ್ನೂ ಬತ್ತಿ ಹೊಸೆಯುತ್ತಿದ್ದೆವು. ರೇಡಿಯೋ ಅಲೆಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1995ರಲ್ಲಿ. ಕಾಲೇಜುಗಳಿಗೆ ರೇಡಿಯೋ ಕೊಡಲು ಕೇಂದ್ರ ಸರಕಾರ ಒಪ್ಪಿದ್ದು 2002ರ ಕೊನೆಗೆ. ಮೊದಲನೆಯದು, ಚೆನ್ನೈನ ಅಣ್ಣಾ ಎಫ್‌ಎಂ, ಶುರುವಾದದ್ದು 2004ರ ಫೆಬ್ರವರಿಯಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರೇಡಿಯೋ, ನಮ್ಮ ಬೆಳಗಾವಿಯ ಕೆಎಲ್‌ಇ ವೇಣುಧ್ವನಿ ಎಲ್ಲಾ ಆಮೇಲೆ ಬಂದವು. ಪವರ್ 100 ವ್ಯಾಟ್, ಆಂಟೆನಾ ಕಂಬ 30 ಮೀಟರ್ ದಾಟುವಂತಿಲ್ಲ. ಹತ್ತು ಹದಿನೈದು ಕಿಲೋಮೀಟರ್ ಹೋದರೆ ಗೊರಗೊರ. ಅಂದರೆ ಬೆಳಗಾವಿಯಿಂದ ಹೊರಟು ಸಾಂಬ್ರಾ ಸ್ವಲ್ಪ ದಾಟಿದ ಹಾಗೆ. ಸ್ವಂತ ಸುದ್ದಿ ಓದುವಂತಿಲ್ಲ, ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು. ಈ ಕೊನೆಯ ನಿಯಮ ನನಗೆ ಇಷ್ಟ. ಆದರೆ ಒಂದು ವ್ಯತ್ಯಾಸ ನೋಡು. ಅಲ್ಲಿ ಸ್ಟೇಷನ್ ನಡೆಸುವವರು ಹುಡುಗರು. ನಮ್ಮಲ್ಲಿ ಸಂಸ್ಥೆಯೇ ನಡೆಸುತ್ತದೆ. ಬೆಳೆಗೆ ಬಂದ ರೋಗ, ಮಕ್ಕಳ ಲಸಿಕೆ, ಪರೀಕ್ಷೆಯ ಭಯ, ಇವೆಲ್ಲ ಬೇಕಾದದ್ದೇ, ನಾನು ಬೇಡ ಅನ್ನುವುದಿಲ್ಲ. ಹಾಡಿನ ಪಾಳಿ ಬಂದಾಗ ಮಾತ್ರ ಭಾವಗೀತೆ, ಚಿತ್ರಗೀತೆ, ಮುಗಿಯಿತು. ರಾತ್ರಿ ಎರಡರ ಹುಚ್ಚು ನಮ್ಮಲ್ಲಿ ಹುಟ್ಟಲೇ ಇಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷ ಹಿಂದೆ ಒಂದು ಊರಿನ ಕಾಲೇಜು ರೇಡಿಯೋದಲ್ಲಿ ಸುಮ್ನೆ ಹವ್ಯಾಸಕ್ಕೆ ಅಂತ ಕಾರ್ಯಕ್ರಮ ಮಾಡುತ್ತಿದ್ದೆ. ಯಾವ ಊರು ಅಂತ ಕೇಳಬೇಡ. ಹಾಡಿನ ಪಟ್ಟಿಯನ್ನು ಮೂರು ದಿನ ಮೊದಲೇ ಬರೆದು ಕೊಟ್ಟು ಸಹಿ ಹಾಕಿಸಬೇಕಿತ್ತು. ಒಮ್ಮೆ ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಒಬ್ಬಾಕೆ ಚೌಡಕಿ ಹಿಡಿದು ಹಾಡಿದ್ದನ್ನು, ಆಕೆಯನ್ನು ಕೇಳಿಯೇ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಪಟ್ಟಿಗೆ ಸೇರಿಸಿದೆ. ಸಹಿ ಹಾಕುವವರು ಕನ್ನಡಕ ಮೇಲೆ ಸರಿಸಿ, "ಯಾವ ಪಿಕ್ಚರಿಂದರೀ ಇದು?" ಅಂದರು. ಪಿಕ್ಚರಿನದಲ್ಲ ಅಂದೆ. "ಹಂಗಾದ್ರ ಯಾರ್ ಕೇಳ್ತಾರ?" ಹೇಗೋ ಕಾಡಿ ಬೇಡಿ ಹಾಕಿಸಿದೆ. ಹೊರಗೆ ಬಂದರೆ ಗೇಟಿನ ವಾಚ್‌ಮನ್ ಎದ್ದು ನಿಂತಿದ್ದ. "ಸಾಹೇಬ್ರ, ಇದನ್ನ ನಮ್ಮವ್ವ ಹಾಡ್ತಿದ್ಲು" ಅಂದ. ಮುಂದಿನ ವಾರವೂ ಹಾಕಿದೆ. ಮೂರನೇ ವಾರ ನನ್ನ ಸಮಯವನ್ನೇ ಬೇರೆ ಯಾರಿಗೋ ಕೊಟ್ಟಿದ್ದರು.

ಆದ್ದರಿಂದ ತಮ್ಮಾ, ಫೋನನ್ನೊಂದೇ ಬೈಯಬೇಡ. ಫೋನು ಬಂದು ಹಾಡು ಎಲ್ಲರಿಗೂ ಸಿಗುವಂತಾಯಿತು, ಸರಿ. ಆದರೆ ಹಾಡು ಸಿಗುವುದು ಬೇರೆ, ಕಿವಿಗೆ ಹತ್ತುವುದು ಬೇರೆ. ರೇಡಿಯೋದಲ್ಲಿ ಬೇಡವಾದ ಹಾಡನ್ನು ದಾಟಿಸುವ ಗುಂಡಿ ಇರಲಿಲ್ಲ. ಅಡುಗೆ ಮಾಡುತ್ತಾ, ಇಸ್ತ್ರಿ ಹಾಕುತ್ತಾ ಮೊದಲ ಸಲ ಬೈದುಕೊಂಡು ಕೇಳುತ್ತಿದ್ದೆವು, ಮೂರನೇ ಸಲಕ್ಕೆ ಗುನುಗುತ್ತಿದ್ದೆವು. ಈಗ ಹತ್ತು ಸೆಕೆಂಡಿಗೆ ಮುಂದೆ ತಳ್ಳುತ್ತೇವೆ, ಆಮೇಲೆ ಫೋನೇ ನಮ್ಮ ರುಚಿ ನೋಡಿಕೊಂಡು ನಿನ್ನೆ ಕೇಳಿದ್ದರ ತಮ್ಮನನ್ನೋ ತಂಗಿಯನ್ನೋ ತಂದು ಮುಂದೆ ನಿಲ್ಲಿಸುತ್ತದೆ, ಪಕ್ಕದ ಓಣಿಯವರು ಯಾರೂ ಬರುವುದೇ ಇಲ್ಲ.

ನೀನು ಒಂದು ತಾಸಿನಲ್ಲಿ ಹದಿನಾಲ್ಕು ಹೊಸ ಹಾಡು ಹಾಕುತ್ತೀಯ ಅಂತ ನನ್ನ ಅಂದಾಜು, ಸರಿ ತಾನೇ? ಹಾಗೆ ಮಾಡಬೇಡ. ಮೂರು ಹಾಡು ಹಿಡಿ. ಎಂಟು ವಾರ ಅವೇ ಮೂರು ಹಾಕು, ಉಳಿದ ಹೊತ್ತಿನಲ್ಲಿ ಬೇರೆ ಏನಾದರೂ ಇರಲಿ. ಹಾಡಿದವನ ಊರು ಹೇಳು, ಹೆಸರು ಎರಡು ಸಲ ಹೇಳು. ನಿನಗೆ ಯಾಕೆ ಹಿಡಿಸಿತು ಅಂತ ಎರಡು ಮಾತಿನಲ್ಲಿ ಹೇಳು, ಭಾಷಣ ಬೇಡ. ಮೆಸ್ಸಿನವನ ಹತ್ತಿರ ಹೋಗಿ ಆ ಒಂದು ತಾಸು ರೇಡಿಯೋ ಹಚ್ಚಲು ಕೇಳಿಕೋ. ಊಟದ ತಟ್ಟೆ ಮುಂದೆ ಇದ್ದರೆ ಯಾರೂ ಎದ್ದು ಹೋಗುವುದಿಲ್ಲ, ನಿನ್ನ ರೂಮ್‌ಮೇಟ್ ಕೂಡ.

ಪ್ರಶ್ನೆ: ನಾನು ವಿಜಯಪುರದ ನಿವೃತ್ತ ಮಾಸ್ತರ. ಮೊಮ್ಮಗಳು ದಿನಾ "ಇಂಡಿ ಮ್ಯೂಸಿಕ್, ಇಂಡಿ ಮ್ಯೂಸಿಕ್" ಅನ್ನುತ್ತಾಳೆ. ನಮ್ಮ ಇಂಡಿ ತಾಲೂಕಿನ ಹಾಡೇನ್ರೀ ಅದು? ನಮಗಂತೂ ಧಾರವಾಡ ಆಕಾಶವಾಣಿಯೇ ಎಲ್ಲಾ ಕೇಳಿಸಿತು. ಅದಕ್ಕಿಂತ ಹೆಚ್ಚು ಏನು ಬೇಕು?

ಉತ್ತರ: ಮಾಸ್ತರ, ನಿಮ್ಮ ಪ್ರಶ್ನೆ ಓದಿ ಜೋರಾಗಿ ನಕ್ಕೆ, ಆಮೇಲೆ ಯೋಚನೆಗೆ ಬಿದ್ದೆ. ಮೊಮ್ಮಗಳು ಹೇಳುವ ಇಂಡಿ ಅಂದರೆ ಇಂಡಿಪೆಂಡೆಂಟ್. ದೊಡ್ಡ ಕಂಪನಿ, ಸಿನಿಮಾ ಯಾವುದರ ಹಂಗೂ ಇಲ್ಲದೆ ತಾವೇ ಬರೆದು ತಾವೇ ಹಾಡಿ ಹೊರಗೆ ತರುವ ಹಾಡು. ಆದರೆ ನಿಮ್ಮ ಊಹೆ ಅಷ್ಟೇನೂ ತಪ್ಪಲ್ಲ. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಹೆಣ್ಣುಮಕ್ಕಳು ಬೀಸುತ್ತಾ ಕುಟ್ಟುತ್ತಾ ಹಾಡುತ್ತಿದ್ದ ತ್ರಿಪದಿಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡರು, 1931ರಲ್ಲಿ "ಗರತಿಯ ಹಾಡು" ಅಂತ ಪುಸ್ತಕ ಬಂತು. ರೇಡಿಯೋ ಇಲ್ಲ, ಕಂಬ ಇಲ್ಲ, ವ್ಯಾಟ್ ಇಲ್ಲ. ಕೂತು ಕೇಳುವ ವ್ಯವಧಾನ ಇತ್ತು, ಇದು ಚಲೋ ಇದೆ ಅಂತ ನಾಲ್ಕು ಜನರಿಗೆ ಹೇಳುವ ಹಟ ಇತ್ತು. ಇಂಡಿಯ ಇಂಡಿ ಸಂಗೀತ ಅಂದರೆ ಅದೇ ಅಲ್ವಾ?

ಆಕಾಶವಾಣಿಯ ಋಣ ನಾನೂ ಮರೆತಿಲ್ಲ. 1950ರಲ್ಲಿ ಧಾರವಾಡ ಕೇಂದ್ರ ಶುರುವಾದ ಮೇಲೆ ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯವರ ಕಿವಿ ತಿದ್ದಿದ್ದು ಅದು. ಮಲ್ಲಿಕಾರ್ಜುನ ಮನ್ಸೂರರಂಥವರೇ ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ನಮ್ಮಪ್ಪ 765ರ ಮೀಡಿಯಂ ವೇವ್ ಬಿಟ್ಟು ಮುಳ್ಳು ಆಚೀಚೆ ಸರಿಸಲು ಬಿಡುತ್ತಿರಲಿಲ್ಲ. ಆದರೆ ಅಲ್ಲಿ ಹಾಡಲು ಆಡಿಷನ್ ದಾಟಬೇಕು, ಶ್ರೇಣಿ ಸಿಗಬೇಕು. ತಯಾರಾದವರಿಗೆ ಅದು ದೊಡ್ಡ ಮನೆ. ಇನ್ನೂ ತಡವರಿಸುತ್ತಾ ಹಾಡುವ ಇಪ್ಪತ್ತರ ಹುಡುಗನಿಗೆ ಪಡಸಾಲೆ ಬೇಕು. ಕಾಲೇಜು ರೇಡಿಯೋ ಆ ಪಡಸಾಲೆ ಆಗಬಹುದಿತ್ತು.

ಆಗಲಿಲ್ಲ. ನಮ್ಮ ಕಡೆ ಆ ಕೆಲಸ ಯಾರು ಮಾಡಿದರು ಗೊತ್ತಾ? ಕಬ್ಬಿನ ಟ್ರ್ಯಾಕ್ಟರ್ ಡ್ರೈವರುಗಳು. ತಮಾಷೆ ಅಲ್ಲ ಮಾಸ್ತರ. ಕಬ್ಬಿನ ಸೀಜನ್ನಿನಲ್ಲಿ ಮುಧೋಳ, ಜಮಖಂಡಿ, ರಾಯಬಾಗ ಕಡೆ ರಸ್ತೆ ಬದಿ ಒಂದು ಸಂಜೆ ನಿಲ್ಲಿ. ಹಿಂದೆ ಎರಡು ಟ್ರೇಲರ್ ಕಬ್ಬು, ಮುಂದೆ ಎದೆ ನಡುಗಿಸುವ ಸ್ಪೀಕರ್. ಓಡುತ್ತಿರುವುದು ಬೆಂಗಳೂರಿನ ಸಿನಿಮಾ ಹಾಡಲ್ಲ, ಇಲ್ಲೇ ಯಾವುದೋ ಸಣ್ಣ ಸ್ಟುಡಿಯೋದಲ್ಲಿ ಪಕ್ಕದ ಊರಿನ ಹುಡುಗ ಹಾಡಿದ ಜಾನಪದ. ಅದೇ ದಾರಿ, ಅದೇ ಹೊತ್ತು, ಅದೇ ಹಾಡು, ಕಾರ್ಖಾನೆಯ ಸಾಲಿನಲ್ಲಿ ನಿಂತಾಗಲೂ ಅದೇ. ದಾಟಿಸುವ ಗುಂಡಿ ನಿಮ್ಮ ಕೈಯಲ್ಲಿಲ್ಲ. ಪಕ್ಕದ ಟ್ರ್ಯಾಕ್ಟರಿನವನು ಇಳಿದು ಬಂದು, "ಎಲ್ಲಿ ಸಿಕ್ತೋ ಇದು? ಪೆನ್‌ಡ್ರೈವ್‌ಗೆ ಹಾಕ್ಕೊಡು" ಅನ್ನುತ್ತಾನೆ. ಅಥೆನ್ಸ್ ಊರಿನಲ್ಲಿ ಆದದ್ದೂ ಇದೇ, ಕಬ್ಬು ಒಂದು ಇರಲಿಲ್ಲ ಅಷ್ಟೇ. ಆ ಹಾಡುಗಳಲ್ಲಿ ಕೆಲವು ಕೇಳಿ ನಾನೂ ಕಿವಿ ಮುಚ್ಚಿಕೊಂಡಿದ್ದೇನೆ, ಹೆಣ್ಣುಮಕ್ಕಳ ಬಗ್ಗೆ ಬಾಯಿಗೆ ಬಂದ ಹಾಗೆ ಬರೆಯುತ್ತಾರೆ. ಆದರೆ ಕೆಲವು ಒಳ್ಳೆ ಗಂಟಲುಗಳು ಸಿಕ್ಕಿದ್ದೂ ಅಲ್ಲೇ. ಮೊಮ್ಮಗಳನ್ನು ಒಮ್ಮೆ ಹಲಸಂಗಿಗೆ ಕರೆದುಕೊಂಡು ಹೋಗಿ. ಬರುವಾಗ ಅವಳ ಇಂಡಿ ಹಾಡು ನೀವೂ ಕೇಳಿ.

ಪ್ರಶ್ನೆ: ಮುಧೋಳದ ಹುಡುಗ ನಾನು. ನಾಲ್ಕು ಹಾಡು ಮಾಡಿದ್ದೇನೆ, ಒಂದು ಶಿಶುನಾಳ ಶರೀಫರ ಪದ, ಮೂರು ನನ್ನವೇ. ಯೂಟ್ಯೂಬಿನಲ್ಲಿ ಸ್ನೇಹಿತರು ಬಿಟ್ಟರೆ ಯಾರೂ ನೋಡಿಲ್ಲ. ಕಾಲೇಜು ರೇಡಿಯೋಗಳಿಗೆ ಕೊಟ್ಟರೆ ಉಪಯೋಗ ಇದೆಯಾ? ದುಡ್ಡು ಸಿಗುತ್ತಾ? ಹಾಡು ಕದ್ದರೆ?

ಉತ್ತರ: ಕದಿಯುವ ಭಯ ಮೊದಲು ಬಿಡು. ನೀನು ಬರೆದು ರಾಗ ಹಾಕಿದ ಕ್ಷಣದಿಂದ ಅದರ ಹಕ್ಕು ನಿನ್ನದೇ, ನೋಂದಣಿ ಕಡ್ಡಾಯ ಅಲ್ಲ. ನಮ್ಮ ಕಾಯ್ದೆಯಲ್ಲಿ ಬರೆದವನ ಆಯುಷ್ಯ ಮುಗಿದ ಮೇಲೂ 60 ವರ್ಷ ಆ ಹಕ್ಕು ಇರುತ್ತದೆ. ರೆಕಾರ್ಡಿಂಗಿನ ಹಕ್ಕು ಬೇರೆ, ಅದು ಮಾಡಿಸಿದವನದು. ಹಾಗಾಗಿ ಸ್ಟುಡಿಯೋದವನು ಪುಕ್ಕಟೆ ಮಾಡಿಕೊಡುತ್ತೇನೆ ಅಂದರೆ ಮೊದಲು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿಕೊಳ್ಳಿ. ಶರೀಫರು ತೀರಿಕೊಂಡದ್ದು 1889ರಲ್ಲಿ, ಪದ ಎಲ್ಲರದು. ಆದರೆ ನೀನು ಬಳಸಿದ ರಾಗ ಯಾರೋ ಇತ್ತೀಚಿನವರು ಹಾಕಿದ್ದಾದರೆ ಅದು ಅವರದು. ಸ್ವಂತ ರಾಗ ಹಾಕು, ತಂಟೆಯೇ ಇಲ್ಲ.

ದುಡ್ಡಿನ ಆಸೆಯನ್ನೂ ಬಿಡು, ಸದ್ಯಕ್ಕೆ. ಸಮುದಾಯ ರೇಡಿಯೋಗಳಿಗೆ (ಕಾಲೇಜಿನವೂ ಇದರಲ್ಲೇ ಬರುತ್ತವೆ) ಸರಕಾರಿ ಜಾಹೀರಾತಿನಿಂದ ಬರುವುದೇ ಹತ್ತು ಸೆಕೆಂಡಿಗೆ 74 ರೂಪಾಯಿ, ಅದೂ 2024ರಲ್ಲಿ ಏರಿಸಿದ ಮೇಲೆ. ಅವರೇ ಕರೆಂಟ್ ಬಿಲ್ಲಿಗೆ ಒದ್ದಾಡುತ್ತಿರುತ್ತಾರೆ, ನಿನಗೆಲ್ಲಿಂದ ಕೊಡಬೇಕು? ಸ್ಪಾಟಿಫೈ ಅನ್ನೋ ಹಾಡು ಕೇಳುವ ಆ್ಯಪ್ ಕಡೆಯೂ ದೊಡ್ಡ ಹೊಳೆ ಏನೂ ಹರಿಯುವುದಿಲ್ಲ. ಒಂದು ಹಾಡು ಕಳೆದ 12 ತಿಂಗಳಲ್ಲಿ 1000 ಸಲ ಓಡದಿದ್ದರೆ ಅದಕ್ಕೆ ಏನೂ ಕೊಡುವುದಿಲ್ಲ, ಮತ್ತು 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಅಂತ ಲೆಕ್ಕ. ಈಗಿನ ಹಾಡುಗಳಲ್ಲಿ ಆಲಾಪವೇ ಇಲ್ಲದೆ ಒಮ್ಮೆಲೇ ಪಲ್ಲವಿ ಶುರುವಾಗಲು ಇದೂ ಒಂದು ಕಾರಣ.

ಆದರೂ ರೇಡಿಯೋಗೆ ಕೊಡು. ಲಿಂಕ್ ಕಳಿಸಿ ಸುಮ್ಮನಾಗಬೇಡ, ಲಿಂಕು ಯಾರೂ ತೆರೆಯುವುದಿಲ್ಲ. ಹಾಡಿನ ವೇವ್ (WAV) ಫೈಲು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಸ್ ಹತ್ತು. ಜೊತೆಗೆ ಒಂದು ಹಾಳೆ ಇರಲಿ: ನಿನ್ನ ಹೆಸರು, ಊರು, ಹಾಡು ಎಷ್ಟು ನಿಮಿಷದ್ದು, ವಾದ್ಯ ನುಡಿಸಿದವರು ಯಾರು, ಈ ಹಾಡನ್ನು ಪ್ರಸಾರ ಮಾಡಲು ನನ್ನ ಒಪ್ಪಿಗೆ ಇದೆ ಅಂತ ಒಂದು ಸಾಲು, ಕೆಳಗೆ ಸಹಿ. ಈ ಹಾಳೆ ಕಂಡರೆ ಸಹಿ ಹಾಕುವ ಹಿರಿಯರ ಅರ್ಧ ಭಯ ಇಳಿಯುತ್ತದೆ. ನಾಲ್ಕೂ ಹಾಡು ಕೊಡಬೇಡ, ಒಂದೇ ಕೊಡು, ಚಲೋದ್ದು ಕೊಡು. ಹಾಡು ಹಾಕುವ ದಿನ ಅವರು ಒಪ್ಪಿದರೆ ನೀನೇ ಸ್ಟುಡಿಯೋಗೆ ಹೋಗಿ ಕೂತು ಎರಡು ಮಾತಾಡು. ಶಾಸ್ತ್ರೀಯವೋ ಸುಗಮ ಸಂಗೀತವೋ ಕಲಿತಿದ್ದರೆ ಆಕಾಶವಾಣಿ ಆಡಿಷನ್ನಿಗೂ ಅರ್ಜಿ ಹಾಕು, ಬಿ ಶ್ರೇಣಿ ಸಿಕ್ಕರೂ ಸಣ್ಣ ಮಾತಲ್ಲ. ಮತ್ತೆ ನಿಮ್ಮೂರಿನ ಟ್ರ್ಯಾಕ್ಟರ್ ಡ್ರೈವರುಗಳನ್ನು ಮರೆಯಬೇಡ. ಮೇಲಿನ ಉತ್ತರ ಓದಿದೆ ತಾನೇ?

ಪ್ರಶ್ನೆ: ಗೋಕಾಕದಿಂದ ಬರೆಯುತ್ತಿದ್ದೇನೆ. ಹೊಸ ಫೋನ್ ತೆಗೆದುಕೊಂಡೆ, ಎಫ್‌ಎಂ ಹಿಡಿಯುವುದೇ ಇಲ್ಲ. ಹಳೆ ಫೋನಿನಲ್ಲಿ ಬರುತ್ತಿತ್ತು.

ಉತ್ತರ: ಅಕ್ಕಾರ, ಫೋನಿನ ಎಫ್‌ಎಂಗೆ ಇಯರ್‌ಫೋನಿನ ವೈರೇ ಆಂಟೆನಾ. ವೈರು ಚುಚ್ಚದಿದ್ದರೆ ಸ್ಟೇಷನ್ ಹಿಡಿಯುವುದಿಲ್ಲ, ಬ್ಲೂಟೂತ್ ಇಯರ್‌ಫೋನು ಇದಕ್ಕೆ ಬರುವುದಿಲ್ಲ. ಎಷ್ಟೋ ಹೊಸ ಫೋನುಗಳಲ್ಲಿ ವೈರು ಚುಚ್ಚುವ ತೂತನ್ನೇ ತೆಗೆದಿದ್ದಾರೆ, ಕೆಲವಕ್ಕೆ ಎಫ್‌ಎಂ ಕೂಡ ಇಲ್ಲ. ಎಫ್‌ಎಂ ತೆಗೆಯಬೇಡಿ ಅಂತ ಕೇಂದ್ರ ಸರಕಾರ 2023ರಲ್ಲಿ ಕಂಪನಿಗಳಿಗೆ ಹೇಳಿದ್ದೂ ಉಂಟು. ಸಂತೆಯಲ್ಲಿ ಸಣ್ಣ ರೇಡಿಯೋ ಒಂದು ತೆಗೆದುಕೊಳ್ಳಿ. ಕರೆಂಟು ಹೋದಾಗಲೂ ಹಾಡುತ್ತದೆ.

ಪ್ರಶ್ನೆ: ಬಾಗಲಕೋಟೆಯ ತಾಯಿ ನಾನು. ಮಗಳು ಬೇರೆ ಊರಿನಲ್ಲಿ ಡಿಗ್ರಿ ಓದುತ್ತಾಳೆ, ಅಲ್ಲಿ ಕಾಲೇಜು ರೇಡಿಯೋ ಅಂತ ದಿನಾ ಸಂಜೆ ಹೊತ್ತು ಕಳೆಯುತ್ತಾಳೆ. ಇದರಿಂದ ನೌಕರಿ ಸಿಗುತ್ತಾ, ಅಥವಾ ಬಿಡಿಸಲಾ?

ಉತ್ತರ: ಆರ್‌ಜೆ ನೌಕರಿ ಕಡಿಮೆ ಅವ್ವಾ, ಸುಳ್ಳು ಹೇಳಲಾರೆ. ಆದರೆ ಆಕೆ ಅಲ್ಲಿ ಧ್ವನಿ ರೆಕಾರ್ಡ್ ಮಾಡುವುದು, ಎಡಿಟ್ ಮಾಡುವುದು, ಹೊತ್ತಿಗೆ ಸರಿಯಾಗಿ ಮುಗಿಸುವುದು, ಗುರುತಿಲ್ಲದವರನ್ನು ಮಾತಾಡಿಸುವುದು ಕಲಿಯುತ್ತಿರುತ್ತಾಳೆ. ಆ ಕೆಲಸಕ್ಕೆ ಈಗ ಕರೆ ಇದೆ. ಬಿಡಿಸುವ ಮೊದಲು ಒಮ್ಮೆ ಆಕೆಯ ಕಾರ್ಯಕ್ರಮ ಕೇಳಿ, ಅಲ್ಲಿಯವರೆಗೆ ಅಲೆ ಬರದಿದ್ದರೆ ರೆಕಾರ್ಡ್ ಕಳಿಸಲು ಹೇಳಿ. ಮತ್ತೆ, ಆಕೆ ಯಾವ ದಿನ, ಎಷ್ಟು ಗಂಟೆಗೆ ಬರುತ್ತಾಳೆ ಅಂತ ನೀವು ಪತ್ರದಲ್ಲಿ ಬರೆದೇ ಇಲ್ಲ. ಮುಂದಿನ ಸಲ ಬರೆಯಿರಿ. ಮುಧೋಳದ ಹುಡುಗನ ಹತ್ತಿರ ಒಂದು ಹಾಡು ಇದೆ.